ವಾಯರಿಗೆ ಹೊದಿಸಿದ ಕೌದಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂಬುದು ಕುಷ್ಟಗಿಯ ನಮ್ಮ ಓಣಿಗೆಲ್ಲ ಗೊತ್ತಿರುವ ಮಾತು. ನಾನೂ ಅಲ್ಲವೆನ್ನುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ನನಗಿಂತ ಬೇಗ ಕಾಯುತ್ತಿದ್ದದ್ದು ಒಂದಿತ್ತು, ಹಿಂದಿನ ಖೋಲಿಯ ತಗಡು. ಬೆಳಿಗ್ಗೆ ಒಂಬತ್ತಕ್ಕೆ ಕಾಯತೊಡಗಿದರೆ ಹೊತ್ತು ಮುಳುಗಿದರೂ ಅದರ ಸಿಟ್ಟು ಇಳಿಯುತ್ತಿರಲಿಲ್ಲ. ನನ್ನದಾದರೆ ಒಂದು ಕಪ್ ಚಹಾಕ್ಕೆ ಇಳಿಯುತ್ತದೆ.

ಮನೆಯ ಮುಂಭಾಗ ನಮ್ಮ ಮಾವನವರ ಕಾಲದ ಮಣ್ಣಿನ ಮಾಳಿಗೆ. ಎಂಥ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಹಿಂದಿನ ಖೋಲಿಯೂ ಹಾಗೆಯೇ ಇತ್ತು. ಮಳೆಗಾಲದಲ್ಲಿ ಸೋರುತ್ತದೆ ಎಂದು ನಮ್ಮ ಯಜಮಾನರು ಮಣ್ಣು ತೆಗೆಸಿ ತಗಡು ಹಾಕಿಸಿದರು, ತಗಡಿನ ಕೆಳಗೆ ಹಲಗೆಯ ಚಾವಣಿ ಹೊಡೆಸಿದರು. ತಗಡಿಗೂ ಹಲಗೆಗೂ ನಡುವೆ ಮನುಷ್ಯ ಮೊಣಕಾಲೂರಿ ಹೋಗುವಷ್ಟು ಜಾಗ ಉಳಿಯಿತು. ಅದೇ ನಮ್ಮ ಅಟ್ಟ. ಮನೆಯ ಕರೆಂಟಿನ ವಾಯರುಗಳೆಲ್ಲ ಹಾದುಹೋಗುವುದೂ ಅಲ್ಲಿಂದಲೇ. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು ಯಜಮಾನರು. ಸೋರುವುದು ನಿಂತಿತು ಎಂದು ಷರಾ ಬರೆದು ಫೈಲು ಮುಚ್ಚಿಬಿಟ್ಟರು. ಕಾವಿನ ಫೈಲು ನನ್ನ ತಲೆಗೆ ಬಂತು.

ನಾಲ್ಕು ವರ್ಷದ ಹಿಂದೆ ಮಗಳ ಮೊದಲ ಬಾಣಂತನ ಆದದ್ದು ಆ ಖೋಲಿಯಲ್ಲಿ. ಪಡಸಾಲೆಯಲ್ಲಿ ಬಾಣಂತಿಯನ್ನು ಮಲಗಿಸುವ ಹಾಗಿಲ್ಲ, ಬಂದವರು ಹೋದವರು ಕೂಡುವುದೆಲ್ಲ ಅಲ್ಲೇ. ಬಚ್ಚಲಿಗೆ ಹತ್ತಿರವಿದ್ದದ್ದು ಹಿಂದಿನ ಖೋಲಿಯೊಂದೇ. ಬಾಣಂತನದಲ್ಲಿ ನಾನು ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡಿರಲಿಲ್ಲ. ಎಣ್ಣೆ ನೀರು, ಲೋಬಾನದ ಹೊಗೆ, ಶೆಗಡಿಯ ತುಂಬ ಕೆಂಡ, ಊಟಕ್ಕೆ ಖಾರಬ್ಯಾಳಿ, ಕಿವಿಗೆ ಅರಿವೆ, ಮೈಮೇಲೆ ಎರಡು ಕೌದಿ, ಎಲ್ಲವನ್ನೂ ನಮ್ಮವ್ವ ನನಗೆ ಮಾಡಿದ ಹಾಗೆಯೇ ಮಾಡಿದೆ. ಆದರೂ ಮೂರು ತಿಂಗಳು ಇರಬೇಕಾದ ಮಗಳು ಇಪ್ಪತ್ತೆರಡನೆಯ ದಿನ ಬ್ಯಾಗು ತುಂಬಿಕೊಂಡು ಕೂತಳು. "ಅವ್ವಾ, ತಗಡಿನ ಕಾವು ತಡಿಯಾಕ ಆಗವಲ್ದು. ಧಾರವಾಡಕ್ಕ ಹೋಗತೀನಿ," ಎಂದಳು. ಧಾರವಾಡ ಅವಳ ಗಂಡನ ಮನೆ. ಅಲ್ಲಿ ಬೇಸಿಗೆಯಲ್ಲೂ ಸಂಜೆಗೆ ತಂಪು ಗಾಳಿ ಬೀಸುತ್ತದಂತೆ. ಬೀಸಲಿ, ನನಗೇನು.

ತವರಿನಿಂದ ಬಾಣಂತಿ ಇಪ್ಪತ್ತೆರಡಕ್ಕೇ ಹೋದರೆ ಓಣಿಯ ಹೆಂಗಸರು ಬಿಡುತ್ತಾರೆಯೇ? ನೀರು ಹಿಡಿಯುವ ನಳದ ಹತ್ತಿರ ಒಬ್ಬೊಬ್ಬರೂ ನಿಂತು ಕೇಳಿದರು. ತಗಡು ಕಾರಣ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ಅವರೆಲ್ಲ ಹ್ಞೂಂ ಎಂದರು. ಆ ಹ್ಞೂಂ ನಾಲ್ಕು ವರ್ಷ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಈ ಸಲ ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಮಗಳ ಫೋನು ಬಂತು. ಹೆರಿಗೆ ಯುಗಾದಿ ದಾಟಿದ ಮೇಲೆ, ಅಂದರೆ ಮತ್ತೆ ಬೇಸಿಗೆಯಲ್ಲೇ.

"ಎರಡನೇದು ಇಲ್ಲೇ ಆಗಲಿ ಅನ್ನಾಕ ಹತ್ಯಾರವ್ವ ಅತ್ತಿಯವರು," ಎಂದಳು.

"ನಿನಗೇನ್ ಅನಸ್ತೈತಿ?"

"ನಿನ್ನ ಕಡೀನ ಬರಬೇಕನಸ್ತೈತಿ. ಆದ್ರ ಆ ಖೋಲಿ ನೆನಸಿದ್ರ ಈಗಿಂದನ ಬೆವರ ಬರತೈತಿ."

"ಖೋಲಿ ನಾ ತಣ್ಣಗ ಮಾಡಿ ತೋರಸ್ತೀನಿ. ಆಮ್ಯಾಲ ಬಾ," ಎಂದು ಫೋನಿಟ್ಟೆ. ಇಟ್ಟ ಮೇಲೆ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಉಳ್ಳಾಗಡ್ಡಿ ಹೆಚ್ಚುತ್ತಿದ್ದೆನಾದ್ದರಿಂದ ಯಜಮಾನರಿಗೆ ಗೊತ್ತಾಗಲಿಲ್ಲ. ಈ ಸಲ ಮಗಳು ಬರದೆ ಹೋದರೆ ಅಥವಾ ಬಂದು ಮತ್ತೆ ಇಪ್ಪತ್ತೆರಡಕ್ಕೇ ಎದ್ದರೆ, ನಾನು ನಳಕ್ಕೆ ಹೋಗುವುದನ್ನೇ ಬಿಡಬೇಕಾಗುತ್ತಿತ್ತು. ನಳದ ಮಾತು ಹಾಗಿರಲಿ, ನನಗೆ ಅವಳು ಬೇಕಾಗಿದ್ದಳು.

ಯಜಮಾನರು ಒಂದು ಹಾಳೆಯಲ್ಲಿ ಮೂರು ಪ್ರಸ್ತಾವ ಬರೆದರು. ತಗಡಿಗೆ ಸುಣ್ಣ ಹೊಡೆಯುವುದು, ಹೀರೇಕಾಯಿಯ ಬಳ್ಳಿ ಹಬ್ಬಿಸುವುದು, ಹಸಿ ಗೋಣಿಚೀಲ ಹಾಸುವುದು. ಸುಣ್ಣ ಹೊಡೆದರು, ಅದು ಅವರ ಬನಿಯನ್ನಿಗೇ ಹೆಚ್ಚು ಹತ್ತಿತು. ಬಳ್ಳಿ ತಗಡಿಗೆ ತಾಗಿದ ದಿನವೇ ಬಾಡಿತು. ಮೂರನೆಯದು ಹಸಿ ಗೋಣಿಚೀಲ. ಅದು ಜಾರಿ ಹಿತ್ತಲಿನಲ್ಲಿ ನಿಂತಿದ್ದ ಹಾಲಿನವನ ತಲೆಯ ಮೇಲೆ ಬಿತ್ತು. ಅವನು ಎರಡು ದಿನ ನಮಗೆ ಹಾಲು ಹಾಕಲಿಲ್ಲ.

ಆಗ ನಾನು ತಲೆ ಓಡಿಸಿದೆ. ಕೌದಿ ಹೊದ್ದರೆ ಚಳಿ ಒಳಗೆ ಬರುವುದಿಲ್ಲ. ಹಾಗಾದರೆ ಖೋಲಿಗೆ ಕೌದಿ ಹೊದಿಸಿದರೆ ಬಿಸಿಲು ಹೇಗೆ ಒಳಗೆ ಬರುತ್ತದೆ? ಅಟ್ಟವನ್ನು ತುಂಬಬೇಕು, ತಗಡಿಗೂ ಖೋಲಿಗೂ ಸಂಬಂಧವೇ ಇರಬಾರದು. ನನ್ನ ತಮ್ಮ ಗಂಗಾವತಿಯಲ್ಲಿ ಅಕ್ಕಿ ಮಿಲ್ಲಿನಲ್ಲಿದ್ದಾನೆ. ಗಂಗಾವತಿಯಲ್ಲಿ ಭತ್ತದ ಹೊಟ್ಟಿಗೇನು ಬರ, ಫೋನು ಮಾಡಿದ ನಾಲ್ಕನೆಯ ದಿನ ಒಂದು ಟೆಂಪೋ ತುಂಬ ಹೊಟ್ಟಿನ ಚೀಲ ಬಂದಿಳಿದವು. ಓಣಿಯವರು ನಾವು ಹೊಟ್ಟು ಉರಿಸಿ ಇಟ್ಟಿಗೆ ಸುಡುವ ಇಟ್ಟಂಗಿ ಭಟ್ಟಿ ಹಾಕುತ್ತೇವೆಂದು ತಿಳಿದು ತಕರಾರು ಹೇಳಲು ಬಂದರು.

ಶಿವರಾತ್ರಿ ಮುಗಿದ ವಾರ ನಾನೂ ಯಜಮಾನರೂ ಮೂಗಿಗೆ ಅರಿವೆ ಕಟ್ಟಿಕೊಂಡು ಅಟ್ಟ ಹತ್ತಿದೆವು. ಅವರು ಚೀಲ ಎಳೆಯುವುದು, ನಾನು ಹರಡುವುದು. ಎರಡು ದಿನ ಮೈ ಕೆರೆದುಕೊಂಡೇ ಇದ್ದೆವು. ಅವರು ಸೀನಿದರೆ ಒಂದು ಬುಟ್ಟಿ ಹೊಟ್ಟು ಹಾರಿ ಹಿಂದಕ್ಕೆ ಬರುತ್ತಿತ್ತು. ಹಲಗೆಯ ಮೇಲೆ ಅಲ್ಲಲ್ಲಿ ವಾಯರುಗಳು ಏನೂ ಹೊದೆಯದೆ ಬಿದ್ದಿದ್ದವು. ಅವುಗಳ ಮೇಲೂ ಮೊಳ ದಪ್ಪ ಹೊಟ್ಟು ಸುರಿದೆ. ಕೊನೆಗೆ ಎಲ್ಲದರ ಮೇಲೆ ಹನ್ನೊಂದು ಕೌದಿ ಹಾಸಿದೆ.

ಕೌದಿಯ ಬಗ್ಗೆ ಒಂದು ಮಾತು ಹೇಳಬೇಕು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ದಾರ ಓಡಿಸಿ ಹೊಲಿಯುವ ಹೊದಿಕೆ ಅದು. ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಹಿಡಿ ಜೋಳ ಹಾಕುವ ಪದ್ಧತಿ. ಹೊದ್ದವರ ಹೊಟ್ಟೆ ತುಂಬಿರಬೇಕಾದರೆ ಕೌದಿಯ ಹೊಟ್ಟೆಯೂ ಖಾಲಿ ಇರಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿ ನನ್ನ ತವರು. ಅಲ್ಲಿಂದ ತಂದ ಕೌದಿಗಳಲ್ಲೂ ಜೋಳ, ಇಲ್ಲಿ ನಾನು ಹೊಲಿದವುಗಳಲ್ಲೂ ಜೋಳ. ಒಟ್ಟು ಹನ್ನೊಂದು ಹಿಡಿ ಜೋಳ ಅಟ್ಟ ಸೇರಿತು. ಆಗ ಅದು ನನಗೆ ಹೊಳೆಯಲಿಲ್ಲ.

ಮುಂದಿನ ವಾರ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು ನಿಂತಳು. ಅವಳು ಕೋಳಿ ಸಾಕಿದ್ದಾಳೆ. "ನಮ್ಮ ಕೋಳಿ ದಿನಾ ನಿಮ್ಮ ಮನಿ ಕಡಿಯಿಂದನ ಬರತೈತಿ. ತತ್ತಿ ಮಾತ್ರ ಒಂದೂ ಇಲ್ಲ," ಎಂದು ನನ್ನ ಮುಖ ನೋಡಿದಳು.

ನಮ್ಮದು ತತ್ತಿ ಮುಟ್ಟದ ಮನೆ. ನನ್ನ ಸಿಟ್ಟು ನೆತ್ತಿಗೇರಿತು. "ನಾವು ನಿನ್ನ ತತ್ತಿ ತಗೊಂಡು ಪೂಜಾ ಮಾಡೂಣೇನು?" ಎಂದೆ. ಅವಳೂ ಬಿಡಲಿಲ್ಲ. ಯಜಮಾನರು ನಡುವೆ ಬಂದು, ಲಿಖಿತ ದೂರು ಕೊಟ್ಟರೆ ಪರಿಶೀಲಿಸುತ್ತೇವೆ ಎಂದರು. ಇಬ್ಬರೂ ಸೇರಿ ಅವರನ್ನು ಬೈದ ಮೇಲೆ ಜಗಳ ಮುಗಿಯಿತು.

ಖೋಲಿ ತಂಪಾದದ್ದಂತೂ ನಿಜ. ಇನ್ನು ಒಂದು ಕೂಲರ್ ಇಟ್ಟರೆ ಧಾರವಾಡ ಇಲ್ಲೇ ಆಗುತ್ತದೆ ಎಂದು ಅದಕ್ಕೊಂದು ಪಾಯಿಂಟ್ ಹಾಕಿಸಲು ಚಾಚಾನನ್ನು ಕರೆಸಿದೆವು. ಓಣಿಯ ವಾಯರಿಂಗಿನ ಕೆಲಸವೆಲ್ಲ ಅವರದೇ. ವಯಸ್ಸಾದವರು, ನರೆತ ಗಡ್ಡ, ಮೆಲ್ಲನೆಯ ಮಾತು. ದೊಡ್ಡವರು ಚಿಕ್ಕವರು ಎಲ್ಲರಿಗೂ ಅವರು ಚಾಚಾನೇ. ಮೊದಲು ಮೇನ್ ಆಫ್ ಮಾಡಿದರು, ಫ್ಯೂಜು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು. "ನಾ ಮ್ಯಾಲ ಇದ್ದಾಗ ಯಾರರ ಕೆಳಗ ಬಟನ್ ಒತ್ತಿದ್ರ ನಾ ಪೂರ್ತಿ ಮ್ಯಾಲ ಹೋಗತೀನ್ರಿ. ಅದಕ್ಕ ಇದು ನನ್ನ ಕಿಸೇದಾಗ ಇರಬೇಕು," ಎಂದು ಟಾರ್ಚು ಹಿಡಿದು ಏಣಿ ಹತ್ತಿದರು.

ಐದು ನಿಮಿಷಕ್ಕೇ ಇಳಿದು ಬಂದರು. ಗಡ್ಡದ ತುಂಬ ಹೊಟ್ಟು. ಕಟ್ಟೆಯ ಮೇಲೆ ಕೂತು ಒಂದು ಚೊಂಬು ನೀರು ಕುಡಿದರು.

"ಅಕ್ಕಾರ, ಒಂದ್ ಮಾತ್ ಕೇಳ್ತೀನಿ, ಸಿಟ್ಟ್ ಆಗಬ್ಯಾಡ್ರಿ."

"ಸಿಟ್ಟ ಬರೂವಂಥಾ ಮಾತಿದ್ರ ಕೇಳಬ್ಯಾಡ್ರಿ."

"ವಾಯರ್ ಎಲ್ಲಿ ಅದಾವ್ರಿ?"

"ಹೊಟ್ಟಿನ ಕೆಳಗ ಬೆಚ್ಚಗ ಮಲಗ್ಯಾವ."

"ಮ್ಯಾಲ ಕೌದಿ ಯಾರು ಹೊದಿಸ್ಯಾರ್ರಿ?"

"ನಾನ. ಯಾಕ, ಹೊಲಿಗಿ ಸರಿ ಇಲ್ಲೇನು?"

ಚಾಚಾ ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ ಮೆಲ್ಲಗೆ ಹೇಳಿದರು, ಕರೆಂಟು ಹರಿಯುವಾಗ ವಾಯರು ಕಾಯುತ್ತದೆ, ಆ ಕಾವು ಗಾಳಿಗೆ ಹೋಗಬೇಕು, ಹೊದಿಸಿದರೆ ಅಲ್ಲೇ ಕೂಡುತ್ತದೆ, ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿ ಕರಗುತ್ತದೆ, ಸುತ್ತಲೂ ಒಣ ಹೊಟ್ಟು ಬೇರೆ ಇದೆ ಎಂದು. ನನಗೆ ಒಪ್ಪಿಗೆಯಾಗಲಿಲ್ಲ. "ನಲವತ್ತು ವರ್ಷದಿಂದ ಕೌದಿ ಹೊಲಿಯಾಕ ಹತ್ತೀನಿ. ನನ್ನ ಕೌದಿ ಇವತ್ತಿನ ತನಕ ಯಾರನ್ನೂ ಸುಟ್ಟಿಲ್ಲ," ಎಂದೆ.

"ಕೌದಿ ಸುಡಾಂಗಿಲ್ರಿ ಅಕ್ಕಾರ. ಒಳಗಿನ ಕಾವು ಹೊರಗ ಹೋಗಾಕ ಬಿಡಾಂಗಿಲ್ಲ, ಅಷ್ಟ."

"ಜ್ವರ ಬಂದವರಿಗೆ ಹೊದಸಂಗಿಲ್ಲೇನು?"

"ವಾಯರ್ ಬೆವತು ಜ್ವರಾ ಬಿಡಾಕ ಅದಕ್ಕ ಬೆವರೆಲ್ಲೈತ್ರಿ?"

ಯಜಮಾನರು ನಕ್ಕರು. ನಾನು ನೋಡಿದೆ. ನಗು ನಿಲ್ಲಿಸಿದರು.

ಕಣ್ಣಿಗೆ ಕಾಣಿಸದೆ ಈಕೆ ನಂಬುವುದಿಲ್ಲ ಎಂದು ಚಾಚಾನಿಗೆ ತಿಳಿಯಿತು. ಫ್ಯೂಜು ಜೇಬಿನಿಂದ ತೆಗೆದು ಮತ್ತೆ ಹಾಕಿದರು. ತಮ್ಮ ಚೀಲದಿಂದ ಒಂದು ಉದ್ದನೆಯ, ತೆಳ್ಳಗಿನ ವಾಯರು ತೆಗೆದು ಅದಕ್ಕೆ ನಮ್ಮ ಇಸ್ತ್ರಿಪೆಟ್ಟಿಗೆ ಜೋಡಿಸಿದರು. ವಾಯರಿನ ಅರ್ಧ ಭಾಗವನ್ನು ನೆಲದ ಮೇಲೆ ಬಿಚ್ಚಿ ಹಾಸಿದರು, ಇನ್ನರ್ಧವನ್ನು ಸುರುಳಿ ಸುತ್ತಿ ನನ್ನದೇ ಒಂದು ಕೌದಿಯಲ್ಲಿ ಸುತ್ತಿಟ್ಟರು. "ಇದನ್ನ ನೀವು ಯಾವತ್ತೂ ಮಾಡಬ್ಯಾಡ್ರಿ. ನಾ ಪಕ್ಕದಾಗ ಕುಂತೀನಂತ ಮಾಡಿ ತೋರಸಾಕ ಹತ್ತೀನಿ," ಎಂದರು. ಇಸ್ತ್ರಿ ಕಾಯುತ್ತಲೇ ಇರಬೇಕಾದರೆ ಯಾರಾದರೂ ಇಸ್ತ್ರಿ ಮಾಡುತ್ತಲೇ ಇರಬೇಕು. ಆ ಹೊಣೆ ಯಜಮಾನರಿಗೆ ಬಂತು. ಮೊದಲು ಅಂಗಿಗಳನ್ನು ಮುಗಿಸಿದರು, ಆಮೇಲೆ ಪಂಚೆ, ಟವೆಲ್ಲು, ಕರವಸ್ತ್ರ. ಅರಿವೆ ತೀರಿದ ಮೇಲೆ ಕೈಚೀಲಕ್ಕೆ ಇಸ್ತ್ರಿ ಮಾಡಿದರು. ಕೊನೆಗೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆಯೂ ಗೆರೆ ಬಿದ್ದು ಮಡಿಕೆಯಾಯಿತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ಇಸ್ತ್ರಿಪೆಟ್ಟಿಗೆ ಹಿಡಿದದ್ದು ಅದೇ ಮೊದಲು.

"ಈಗ ಮುಟ್ಟಿ ನೋಡ್ರಿ," ಎಂದು ಚಾಚಾ ಸ್ವಿಚ್ಚು ಆರಿಸಿ ಪಿನ್ನು ಕಿತ್ತರು.

ನೆಲದ ಮೇಲಿನ ವಾಯರು ಮುಟ್ಟಿದೆ, ಉಗುರು ಬೆಚ್ಚಗಿತ್ತು. ಕೌದಿಯೊಳಗೆ ಕೈ ಹಾಕಿದೆ. ಹಂಚಿನಿಂದ ಆಗಷ್ಟೇ ತೆಗೆದ ರೊಟ್ಟಿ ಮುಟ್ಟಿದ ಹಾಗಾಗಿ ಕೈ ಹಿಂದಕ್ಕೆ ಬಂತು. ಕರೆಂಟೂ ಅದೇ, ವಾಯರೂ ಅದೇ. ನಾನು ಬಾಯಿ ಮುಚ್ಚಿಕೊಂಡೆ. ಅದು ಅಪರೂಪದ ಸಂಗತಿಯಾದ್ದರಿಂದ ಯಜಮಾನರು ಗಡಿಯಾರ ನೋಡಿದರು.

ಮತ್ತೆ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಂಡು ಚಾಚಾ ಮೇಲೆ ಹೋದರು. ಈ ಸಲ ನಾನೂ ಏಣಿಯ ಮೇಲೆ ನಿಂತು ಇಣುಕಿದೆ. ಕೌದಿಗಳನ್ನು ಒಂದೊಂದಾಗಿ ಎತ್ತಿದರು. ಹನ್ನೊಂದರಲ್ಲಿ ಆರು ಕೌದಿಗಳ ಮೂಲೆ ಹರಿದು ಜೋಳ ಖಾಲಿಯಾಗಿತ್ತು. ಜೋಳ ತಿನ್ನಲು ಬಂದ ಇಲಿಗಳು ಬಾಯಿ ಚಪಲಕ್ಕೆ ವಾಯರನ್ನೂ ಕಡಿದಿದ್ದವು, ಎರಡು ಕಡೆ ಒಳಗಿನ ತಾಮ್ರ ಮಿಣಮಿಣ ಹೊಳೆಯುತ್ತಿತ್ತು. ಮೂಲೆಯಲ್ಲಿ ಹೊಟ್ಟಿನ ಮೇಲೆ ಪಕ್ಕದ ಮನೆಯ ಕೋಳಿ ಕಣ್ಣು ಅರೆ ಮುಚ್ಚಿ ಕೂತಿತ್ತು. ಹಿಂಗೋಡೆಯ ಕಿಂಡಿಯಿಂದ ಬಂದು, ಒಂಬತ್ತು ತತ್ತಿ ಇಟ್ಟು ಕಾವಿಗೆ ಕೂತಿತ್ತು. ಟಾರ್ಚು ಹಾಕಿದರೆ ನಮ್ಮನ್ನೇ ಗದರಿಸಿತು. ಅದು ಎದ್ದ ಜಾಗದಲ್ಲಿ ಹೊಟ್ಟು ಸರಿಸಿದಾಗ ಒಂದು ಗಂಟು ಕಂಡಿತು, ಟೇಪು ಸುತ್ತಿದ ವಾಯರಿನ ಗಂಟು. ಮಗಳ ಮದುವೆಯಲ್ಲಿ ಸೀರಿಯಲ್ ಸೆಟ್ಟಿನ ಬಣ್ಣದ ದೀಪಗಳಿಗೆಂದು ಯಜಮಾನರು ತಾವೇ ಜೋಡಿಸಿದ್ದು. ಅದರ ಮೇಲಿನ ಟೇಪು ಕಂದಿ ಕರಕಲಾಗಿ, ಪಕ್ಕದ ಹೊಟ್ಟು ಹುರಿದ ಹಾಗೆ ಕೆಂಪಾಗಿತ್ತು.

"ಇದು ಯಾವ ಜಾಗಾದ ಮ್ಯಾಲ ಬರತೈತ್ರಿ?" ಎಂದರು ಚಾಚಾ.

ನಾನು ಕೆಳಗೆ ನೋಡಿದೆ. ಹಲಗೆಯ ಸಂದಿನಿಂದ ಮಂಚ ಕಾಣುತ್ತಿತ್ತು. ಮಗಳಿಗೆಂದು ಹಾಕಿದ ಮಂಚ, ಅದರ ಪಕ್ಕದಲ್ಲಿ ಆಗಲೇ ತೊಳೆದಿಟ್ಟ ತೊಟ್ಟಿಲು. ಮಗಳು ಬರಲಿ ಬರಲಿ ಎಂದು ನಾನು ಅವಳ ತಲೆಯ ಮೇಲೇ ಬೆಂಕಿಗೆ ಹಾಸಿಗೆ ಹಾಸಿದ್ದೆ. ಅವತ್ತು ಊಟ ಸೇರಲಿಲ್ಲ. ಹೆದರಿಕೆಯಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆಮೇಲೆ ಚಾಚಾ ಹೇಳಿದಂತೆ ನಡೆಯಿತು. ಹೊಟ್ಟೆಲ್ಲ ಇಳಿಯಿತು, ಇಟ್ಟಂಗಿ ಭಟ್ಟಿಯವರೇ ಬಂದು ಒಯ್ದರು. ಓಣಿಯವರ ಅನುಮಾನ ಅವತ್ತು ಗಟ್ಟಿಯಾಯಿತು. ಕೋಳಿಯನ್ನು ತತ್ತಿಗಳ ಸಮೇತ ಬುಟ್ಟಿಯಲ್ಲಿಟ್ಟು ಪಕ್ಕದ ಮನೆಗೆ ನಾನೇ ಕೊಟ್ಟು ಬಂದೆ. ಆಕೆ ತತ್ತಿ ಎಣಿಸಿಕೊಂಡೇ ಒಳಗೆ ಹೋದಳು.

ಹಳೆಯ ವಾಯರು ಕಿತ್ತು, ಕೂಲರಿನ ಭಾರ ತಡೆಯುವ ದಪ್ಪನೆಯ ಹೊಸ ವಾಯರನ್ನು ಪೈಪಿನಲ್ಲಿ ಹಾಕಿ, ಅಟ್ಟದ ಗೋಡೆಯ ಮೇಲ್ಭಾಗದಲ್ಲಿ ಬಿಗಿದರು. ಜೋಡಣೆ ಮಾಡುವ ಡಬ್ಬಿಗಳನ್ನೆಲ್ಲ ಅಟ್ಟದಿಂದ ಹೊರಗೆ, ಖೋಲಿಯ ಬಾಗಿಲ ಪಕ್ಕದ ಗೋಡೆಗೆ ತಂದರು. ಕೆಟ್ಟರೆ ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು ಎಂಬುದು ಅವರ ಲೆಕ್ಕ. ಹಳೆಯ ಫ್ಯೂಜಿನ ಜಾಗಕ್ಕೆ ಹೆಚ್ಚುಕಡಿಮೆಯಾದರೆ ತಾನೇ ಬಿದ್ದುಹೋಗುವ ಟ್ರಿಪ್ಪರು ಬಂತು, ಅರ್ಥಿಂಗಿಗೆ ಹಿತ್ತಲಲ್ಲಿ ಗುಂಡಿ ತೋಡಿದ್ದಾಯಿತು. ಹೊಟ್ಟಿನ ಬದಲು ಬೆಂಕಿ ಹಿಡಿಯದ, ಒಂದು ಮಗ್ಗುಲಿಗೆ ಬೆಳ್ಳಿ ಹಾಳೆ ಅಂಟಿಸಿದ ಉಣ್ಣೆಯಂಥ ಹಾಸು ಕೊಪ್ಪಳದಿಂದ ತರಿಸಿದರು. ಅದನ್ನು ಹಾಸುವಾಗ ಚಾವಣಿಯ ದೀಪದ ತಲೆಯ ಮೇಲೂ ಜಾಗ ಬಿಡಿಸಿದರು. ಕಿಂಡಿಗೆ ಜಾಳಿಗೆ ಹೊಡೆದರು, ಇಲಿಗೂ ಕೋಳಿಗೂ ದಾರಿ ಬಂದ್ ಆಯಿತು.

ಟ್ರಿಪ್ಪರು ಬರುವ ಮೊದಲು ಒಂದು ಶುಕ್ರವಾರ ಫ್ಯೂಜು ಜೇಬಿನಲ್ಲಿಟ್ಟುಕೊಂಡೇ ಅವರು ನಮಾಜಿಗೆ ಹೋದರು. ನಮ್ಮ ಮಿಕ್ಸರಿನಲ್ಲಿ ಅರ್ಧ ಅರೆದ ಶೇಂಗಾ ಚಟ್ನಿಪುಡಿ, ನಮ್ಮ ಹಿಂಡಿ, ಹಾಗೆಯೇ ನಿಂತಿತು. ಬಂದ ಮೇಲೆ ಸಿಟ್ಟು ಮಾಡಿದೆ.

"ಅಕ್ಕಾರ, ಹಿಂಡಿಗಿಂತ ನನ್ನ ಜೀಂವ ನನಗ ಛಲೋ ಅನಸ್ತೈತ್ರಿ," ಎಂದರು.

ಕೆಲಸ ಮುಗಿದ ಮೇಲೆ ನಾನೊಂದು ಪರೀಕ್ಷೆ ಇಟ್ಟೆ. ಒಂದು ತಾಟಿನಲ್ಲಿ ಲಿಂಬೆಹಣ್ಣಿನ ಗಾತ್ರದ ಬೆಣ್ಣೆಯ ಉಂಡೆ ಇಟ್ಟು, ಮಟಮಟ ಮಧ್ಯಾಹ್ನ ಖೋಲಿಯಲ್ಲಿಟ್ಟು, ಕೂಲರ್ ಹಚ್ಚಿ ಬಾಗಿಲು ಹಾಕಿದೆ. ಹಿಂದಿನ ವರ್ಷಗಳಲ್ಲಾದರೆ ತಾಸಿನೊಳಗೆ ತುಪ್ಪವೇ ಆಗುತ್ತಿತ್ತು. ಮೂರು ತಾಸು ಬಿಟ್ಟು ತೆಗೆದರೆ ಉಂಡೆ ಉಂಡೆಯಾಗಿಯೇ ಇತ್ತು, ಸ್ವಲ್ಪ ಮೆತ್ತಗಾಗಿತ್ತು ಅಷ್ಟೆ. ಫೋಟೋ ತೆಗೆಸಿ ಧಾರವಾಡಕ್ಕೆ ಕಳಿಸಿದೆ. ಐದು ನಿಮಿಷಕ್ಕೆ ಮಗಳ ಫೋನು ಬಂತು. "ಬರತೀನವ್ವ," ಎಂದಳು.

ಬಂದಳು. ಮೊಮ್ಮಗ ಧಾರವಾಡದ ಅಜ್ಜಿಯನ್ನು ಬಿಟ್ಟಿರಲಾರ, ಅವನು ಅಲ್ಲೇ ಉಳಿದ. ಯುಗಾದಿ ಕಳೆದು ಎರಡು ವಾರಕ್ಕೆ ಹೆರಿಗೆಯಾಯಿತು, ಹೆಣ್ಣು ಕೂಸು, ಕೂದಲು ನನ್ನ ಹಾಗೆ, ಸಿಟ್ಟೂ ನನ್ನದೇ. ಆಸ್ಪತ್ರೆಯಿಂದ ತಾಯಿ ಮಗಳನ್ನು ಹಿಂದಿನ ಖೋಲಿಗೆ ಕರೆತಂದು, ದೃಷ್ಟಿ ತೆಗೆದು, ನಾನು ಸೆರಗು ಸಿಕ್ಕಿಸಿ ಬಾಣಂತನಕ್ಕೆ ನಿಂತೆ. ಮೊದಲು ಕೂಲರ್ ಬಂದ್ ಮಾಡಿದೆ. ಬಾಣಂತಿಗೆ ಗಾಳಿ ಆಗುತ್ತದೆಯೇ? ಫ್ಯಾನಿನ ರೆಕ್ಕೆಗೆ ಹಗ್ಗ ಕಟ್ಟಿದೆ. ಕಿಟಕಿ ಮುಚ್ಚಿ ಸಂದಿಗೆ ಅರಿವೆ ತುರುಕಿದೆ. ಲೋಬಾನ ಹಾಕಿದೆ. ಶೆಗಡಿಯ ತುಂಬ ಕೆಂಡ ತಂದು ಮಂಚದ ಪಕ್ಕ ಇಟ್ಟೆ. ಮುಚ್ಚಿದ ಖೋಲಿಯಲ್ಲಿ ಕೆಂಡ ಇಟ್ಟರೆ ಕೂಸಿನ ಉಸಿರಿಗೆ ಕೆಡುಕು ಎಂದು ಡಾಕ್ಟರಮ್ಮ ಹೇಳಿದ್ದನ್ನು ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಟ್ಟಿದ್ದೆ. ಅವರಿಗೇನು, ಅವರು ಓದಿದವರು. ಕಿವಿಗೆ ಅರಿವೆ ಕಟ್ಟಿ ಮಗಳಿಗೆ ಎರಡು ಕೌದಿ ಹೊದಿಸಿದೆ. ಹೊಸದಾಗಿ ಜೋಳ ತುಂಬಿ ಮೂಲೆ ಹೊಲಿದ ಕೌದಿಗಳು.

ಹತ್ತನೆಯ ದಿನ ಮಧ್ಯಾಹ್ನ ಒಳಗಿನಿಂದ ಮಗಳು ಕರೆದಳು. ಬೆಳಿಗ್ಗೆ ರೊಟ್ಟಿಯ ಜೊತೆ ಕೊಟ್ಟ ಬೆಣ್ಣೆಯನ್ನು ಅವಳು ತಿಂದಿರಲಿಲ್ಲ, ತಾಟಿನಲ್ಲಿ ಹಾಗೆಯೇ ತಲೆದಿಂಬಿನ ಹತ್ತಿರ ಇಟ್ಟುಕೊಂಡಿದ್ದಳು. ತಾಟನ್ನು ನನ್ನ ಮುಂದೆ ಓರೆ ಮಾಡಿದಳು. ಬೆಣ್ಣೆ ಕರಗಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹರಿಯಿತು.

"ನಿನ್ನ ಪರೀಕ್ಷಾ ಫೇಲ್ ಆತವ್ವ," ಎಂದಳು. ಮುಖವೆಲ್ಲ ಬೆವರು, ಕೂದಲು ಹಣೆಗೆ ಅಂಟಿತ್ತು.

ಇಷ್ಟೆಲ್ಲ ಮಾಡಿದ ಮೇಲೂ ತಗಡು ಗೆದ್ದಿತೇ? ಸಿಟ್ಟಿನಿಂದ ಯಜಮಾನರಿಗೆ ಹೇಳಿ ಚಾಚಾನನ್ನು ಆ ಕ್ಷಣವೇ ಕರೆಸಿದೆ. ಅವರು ಬಂದು, ಬಾಣಂತಿಯ ಖೋಲಿಯ ಒಳಗೆ ಬರದೆ ಬಾಗಿಲ ಹೊರಗೇ ನಿಂತು, ಗೋಡೆಯ ಡಬ್ಬಿ ಬಿಚ್ಚಿ ನೋಡಿದರು. ಆಮೇಲೆ ಏಣಿ ಹತ್ತಿ ಹಾಸಿನ ಕೆಳಗೆ ಹಲಗೆಯ ಮೇಲೆ ಅಂಗೈ ಇಟ್ಟು ನೋಡಿದರು.

"ಡಬ್ಬಿ, ವಾಯರ್ ಎಲ್ಲಾ ತಣ್ಣಗ ಅದಾವ್ರಿ. ಹಾಸು ಛಲೋ ಕುಂತೈತಿ. ತಗಡಿನ ಕಾವು ಕೆಳಗ ಇಳಿಯಾಕ ಹತ್ತಿಲ್ಲ," ಎಂದರು.

"ಹಂಗಾರ ಬೆಣ್ಣಿ ಹೆಂಗ ಕರಗಿತು? ಅದಕ್ಕೇನ್ ದುಃಖ ಆಗಿತ್ತೇನು?"

ಚಾಚಾ ಬಾಗಿಲ ಪರದೆಯ ಕೆಳಗಿನಿಂದ ಬರುತ್ತಿದ್ದ ಲೋಬಾನದ ಹೊಗೆ ನೋಡಿದರು. ಪರದೆಯ ಬುಡದಲ್ಲಿ ಕೆಂಡ ಹೊತ್ತಿದ್ದ ಶೆಗಡಿ ಕಾಣುತ್ತಿತ್ತು, ಮಂಚದಿಂದ ಇಳಿಬಿದ್ದ ಕೌದಿಯ ಅಂಚೂ ಕಾಣುತ್ತಿತ್ತು. ಗಡ್ಡ ಕೆರೆದುಕೊಂಡರು.

"ಅಕ್ಕಾರ, ಒಂದ್ ಮಾತ್ ಕೇಳ್ತೀನಿ, ಸಿಟ್ಟ್ ಆಗಬ್ಯಾಡ್ರಿ."

"ಕೇಳ್ರಿ," ಎಂದೆ.

"ಹಿಂದಿನ ಸಲಾನೂ ಹಿಂಗ ಹೊದಿಸಿದ್ರ್ಯಾ?"

ಖೋಲಿಯೊಳಗಿನಿಂದ ಮಗಳು ನಕ್ಕದ್ದು ಕೇಳಿಸಿತು. ಜೋರಾಗಿ ನಗಲೂ ಆಗದೆ, ಕೌದಿಯೊಳಗೇ ನಗುತ್ತಿದ್ದಳು. "ಚಾಚಾ, ನನ್ನೂ ಒಂದ್ಸಲ ಚೆಕ್ ಮಾಡ್ರಿ. ಟ್ರಿಪ್ ಆಗೂ ಹಂಗಾಗೇತಿ," ಎಂದಳು. ಚಾಚಾ ತಲೆ ತಗ್ಗಿಸಿ, ನಗು ನುಂಗಿ, ಹೇಳದೆ ಕೇಳದೆ ಚೀಲ ಎತ್ತಿಕೊಂಡು ಹೋದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರೆ. ನಾಲ್ಕು ವರ್ಷ ನಾನು ಎಳೆದದ್ದು ತಗಡಿಗೆ. ಸುಣ್ಣ, ಗೋಣಿ, ಹೊಟ್ಟು, ಬೆಳ್ಳಿ ಹಾಳೆ, ಎಲ್ಲವೂ ತಗಡಿಗೆ. ತಗಡು ತನ್ನ ಪಾಡಿಗೆ ಒಂದಿಷ್ಟು ಕಾದಿತ್ತು, ನಿಜ. ಉಳಿದದ್ದೆಲ್ಲ ನನ್ನ ಕೈಯಿಂದ ಬಂದದ್ದು. ಈಗಂತೂ ಹಾಸು ಮೇಲಿನ ಕಾವನ್ನು ತಡೆದಷ್ಟೇ ಚೆನ್ನಾಗಿ ಒಳಗಿನದನ್ನೂ ಹಿಡಿದಿಟ್ಟಿತ್ತು. ವಾಯರಿಗೆ ಗಾಳಿ ಬೇಕು ಎಂದು ವಾರಗಟ್ಟಲೆ ಮನೆ ಬಗೆದವಳು ಹೆತ್ತ ಮಗಳನ್ನು ಕೌದಿಯಲ್ಲಿ ಸುತ್ತಿಟ್ಟಿದ್ದೆ.

ಒಳಗೆ ಹೋಗಿ ಮಂಚದ ಅಂಚಿಗೆ ಕೂತೆ. "ಆಗ ನನಗ ಯಾಕ ಹೇಳಲಿಲ್ಲ?" ಎಂದೆ.

"ಹೆಂಗ ಹೇಳ್ಲೆವ್ವ. ದಿನಾ ಅಷ್ಟ ಕಾಳಜೀಲೆ ಹೊದಸ್ತಿದ್ದಿ. ತಪ್ಪು ನಿನ್ನ ಮ್ಯಾಲ ಹಾಕಾಕ ಮನಸಾಗಲಿಲ್ಲ, ತಗಡಿನ ಮ್ಯಾಲ ಹಾಕಿದೆ."

ನಾನು ಎದ್ದು ಶೆಗಡಿಯನ್ನು ಹೊರಗೆ ಒಯ್ದು ಹಿತ್ತಲಲ್ಲಿ ಕೆಂಡಕ್ಕೆ ನೀರು ಸುರಿದೆ. ಕಿಟಕಿ ತೆರೆದೆ. ಫ್ಯಾನಿನ ಹಗ್ಗ ಬಿಚ್ಚಲು ಯಜಮಾನರನ್ನು ಕರೆದೆ, ಅವರು ಬಿಚ್ಚಿ, ಕೇಳದೆಯೇ ಸ್ವಿಚ್ಚು ಒತ್ತಿ, ನನ್ನ ಮುಖ ನೋಡಿದರು. ಬೈಯಲಿಲ್ಲ. ಕೌದಿಗಳನ್ನು ಎತ್ತಿ ಮಡಿಸುವಾಗ ಮಗಳು ಒಂದನ್ನು ಮಾತ್ರ ಹಿಡಿದುಕೊಂಡಳು. "ಇದು ಕಾಲಾಗ ಇರಲಿ. ಬೆಳಗಿನ ಜಾವ ಬೇಕಾಗತೈತಿ," ಎಂದಳು.

ದಿನಗಳು ಕಳೆದವು. ಬಾಯಲ್ಲಿ ಏನೂ ಹೇಳದಿದ್ದರೂ ನಾನು ಒಳಗೊಳಗೆ ಲೆಕ್ಕ ಹಾಕುತ್ತಿದ್ದೆ. ಇಪ್ಪತ್ತೊಂದು ಆಯಿತು. ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಕೂಸಿಗೆ ನೀರೆರೆದು ಬಂದಾಗ ಮಗಳು ಮಂಚದಿಂದಿಳಿದು ತನ್ನ ಬ್ಯಾಗನ್ನು ನಡುಮನೆಗೆ ಎಳೆಯುತ್ತಿದ್ದಳು. ನನ್ನ ಕೈಯಲ್ಲಿದ್ದ ಚೊಂಬು ಹಾಗೆಯೇ ನಿಂತಿತು.

"ಅವ್ವಾ," ಎಂದಳು, "ಈ ಬ್ಯಾಗ್ ಅಟ್ಟದ ಮ್ಯಾಲ ಇಡು. ಇಲ್ಲಿ ಕಾಲಿಗೆ ತೊಡರತೈತಿ."

ಏಣಿ ತಂದು ನಾನೇ ಹತ್ತಿದೆ. ಬ್ಯಾಗನ್ನು ವಾಯರಿನ ಪೈಪಿನಿಂದ ಒಂದು ಗೇಣು ದೂರ ಇಟ್ಟೆ. ಮೇಲೆ ಏನನ್ನೂ ಹೊದಿಸಲಿಲ್ಲ.